ಎಡದ್ದು ಬಲಕ್ಕೆ

ಬ್ರೇಕ್ ಪೆಡಲ್ ಮತ್ತೆ ತಳದ ತನಕ ಇಳಿಯಿತು. ಅವಳು ಕಾಲು ತೆಗೆದು ಇನ್ನೊಮ್ಮೆ ಒತ್ತಿದಳು. ಅದೇ ಕತೆ, ನೆನೆದ ಸ್ಪಂಜು ತುಳಿದ ಹಾಗೆ. ಗಂಡನ ಹೆಣ ಮನೆಯೊಳಗಿದೆ, ಹೆಂಡತಿ ಅವನ ಗ್ಯಾರೇಜು ಶೆಡ್ಡಿನಲ್ಲಿ ಕಾರು ಹತ್ತಿ ಕೂತಿದ್ದಾಳೆ, ನೋಡಿದವರು ಏನೆಂದುಕೊಂಡಾರು? ಏನಾದರೂ ಅಂದುಕೊಳ್ಳಲಿ. ಬೆಳಗಿನಿಂದ ಅವಳಿಗೆ ಯಾವುದೂ ತಟ್ಟುತ್ತಿರಲಿಲ್ಲ. ಇವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲವೆಂದು ನಾದಿನಿ ಬಂದವರ ಕಿವಿಗೆಲ್ಲ ಹಾಕಿಯಾಗಿತ್ತು. ಸುಳ್ಳೇನಲ್ಲ.

ಅವಳನ್ನು ಇಲ್ಲಿಗೆ ಎಬ್ಬಿಸಿ ತಂದದ್ದು ಕಾರಿನ ಒಡೆಯರಾದ ಹಲ್ಲಿನ ಡಾಕ್ಟರ ಮಾತು. ಅವರು ಹೆಣದ ಮುಂದೆ ತಲೆ ತಗ್ಗಿಸಿ ನಿಂತಿದ್ದು ಆಮೇಲೆ ಅವಳತ್ತ ತಿರುಗಿದ್ದರು.

"ಮೇಸ್ತ್ರಿ ಕೈಯಿಟ್ಟ ಕೊನೇ ಗಾಡಿ ಅಮ್ಮಾ. ರೆಡಿ ಅಂತ ನಿನ್ನೆ ಫೋನ್ ಮಾಡಿದ್ರು. ಚಕ್ರ ಹಾಕಿಸಿ, ಸ್ಮಶಾನಕ್ಕೆ ವ್ಯಾನಿನ ಹಿಂದೆ ಅದನ್ನೇ ಓಡಿಸ್ಕೊಂಡು ಬರ್ತೀನಿ."

ಸುತ್ತ ಇದ್ದವರು ಹೌದೌದೆಂದರು. ಬ್ರೇಕ್ ಅಂದರೆ ಮೇಸ್ತ್ರಿ, ಮೇಸ್ತ್ರಿ ಅಂದರೆ ಬ್ರೇಕ್ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಸ್ಮಶಾನದ ದಾರಿ ಉದ್ದಕ್ಕೂ ಇಳಿಜಾರು ಎಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

*

ಮದುವೆಯಾದ ಹೊಸತರಲ್ಲಿ ಸಿನಿಮಾಕ್ಕೆಂದು ಹೊರಡಿಸಿ, ದಾರಿಯಲ್ಲಿ ಶೆಡ್ಡಿಗೆ ಕರೆತಂದಿದ್ದ ಪುಣ್ಯಾತ್ಮ. ಬ್ರೇಕ್ ಎಣ್ಣೆಯ ಲೈನಿಗೆ ಗಾಳಿ ಹೊಕ್ಕರೆ ಬ್ರೇಕ್ ಹಿಡಿಯುವುದಿಲ್ಲ, ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಬೇಕು. "ಐದೇ ನಿಮಿಷ, ಇವಳೇ," ಎಂದು ಕಾರಿನಡಿ ತೂರಿದವನು ಒತ್ತು, ಹಿಡಿ, ಬಿಡು ಎನ್ನುತ್ತಲೇ ಇದ್ದ. ಸಿನಿಮಾ ಅಲ್ಲಿಗೇ ಮುಗಿಯಿತು.

ಸಂಸಾರವೂ ಹಾಗೇ ಸಾಗಿತು. ಜಗಳವಾಡಿದ ದಿನ ಅವಳು ಬೇಕೆಂದೇ ತಡಮಾಡಿ ಒತ್ತುತ್ತಿದ್ದಳು. ಲೈನಿನಲ್ಲಿ ಗುಳ್ಳೆಯಿದ್ದರೆ ಅವನಿಗಿಂತ ಮೊದಲು ಅವಳ ಪಾದಕ್ಕೆ ತಿಳಿಯುತ್ತಿತ್ತು.

ಈ ಎರಡು ಸೀಟಿನ ಹಳೇ ರೇಸಿಂಗ್ ಕಾರಿನ ಬ್ರೇಕನ್ನು ಪೂರ್ತಿ ಕಿತ್ತು ಹೊಸದು ಹಾಕಿದ್ದ. ನಿನ್ನೆ ಸಂಜೆಯೆಲ್ಲ ಒತ್ತಿದ್ದೇ ಒತ್ತಿದ್ದು. ಇನ್ನೂ ಗಾಳಿಯಿದೆ ಎಂದು ಅವಳು ಹೇಳಿದಳು.

"ಗಾಳಿಯಲ್ಲ, ನಿನ್ನ ಕಾಲಿಗೆ ವಯಸ್ಸಾಯ್ತು," ಎಂದು ಸಿಡುಕಿ ಎದ್ದು ಹೋದ. ಇತ್ತೀಚೆಗೆ ಕೈಯಲ್ಲೇ ಸ್ಪ್ಯಾನರ್ ಹಿಡಿದುಕೊಂಡು ಸ್ಪ್ಯಾನರ್ ಎಲ್ಲಿ ಎಂದು ಕೇಳುತ್ತಿದ್ದ. ಅವಳು ಯಾರಿಗೂ ಹೇಳಿರಲಿಲ್ಲ. ನಿನ್ನೆ ರಾತ್ರಿ ಮಲಗಿದವನು ಬೆಳಗ್ಗೆ ಏಳಲಿಲ್ಲ.

*

ಅವಳು ಕಾರಿನಿಂದಿಳಿದು ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು. ಚಕ್ರ ಬಿಚ್ಚಿದ್ದರಿಂದ ಎಲ್ಲ ಕಾಣುತ್ತಿತ್ತು. ಡಿಸ್ಕನ್ನು ಕಚ್ಚಿಕೊಂಡಿದ್ದ ಹೊಸ ಕ್ಯಾಲಿಪರಿನ ನಿಪ್ಪಲ್ ಕೆಳಗಡೆ ಇತ್ತು. ಗಾಳಿ ಏರುವುದು ಮೇಲಕ್ಕೆ, ನಿಪ್ಪಲ್ ಮೇಲಿರಬೇಕು. ಅದು ಕೆಳಗಿದೆಯೆಂದರೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿಬಿಟ್ಟಿದ್ದ. ಇನ್ನು ನೂರು ವರ್ಷ ಒತ್ತಿದರೂ ಗಾಳಿ ಹೋಗದು. ಕೆಲಸ ಕಲಿಯಲು ಬಂದವರು ಮಾಡುವ ತಪ್ಪು ಇದು. ಇದಕ್ಕೇ ಅವನು ಎಷ್ಟು ಜನರ ಮಾನ ಹರಾಜು ಹಾಕಿದ್ದ!

ಬಾಯಿ ಮುಚ್ಚಿಕೊಂಡರೆ ಡಾಕ್ಟರು ಇಳಿಜಾರಿನಲ್ಲಿ ಉಳಿಯುವುದಿಲ್ಲ. ಬಾಯಿ ಬಿಟ್ಟರೆ, ಹೆಣ ಮನೆ ದಾಟುವ ಮೊದಲೇ ಮೇಸ್ತ್ರಿಯ ಹೆಸರು ಹೋಗುತ್ತದೆ. ಅವನು ಗಳಿಸಿದ್ದು ಅದೊಂದನ್ನೇ. ಅವಳಿಗೆ ಭಯವಾಯಿತು. ಬೆಳಗಿನಿಂದ ಏನಾದರೂ ಅನ್ನಿಸಿದ್ದು ಅದೇ ಮೊದಲು.

ಡಾಕ್ಟರು ಬಂದರು. ಹಿಂದೆಯೇ ಪಕ್ಕದ ಶೆಡ್ಡಿನಲ್ಲಿ ಗಾಡಿಗಳ ತಗಡು ಬಡಿಯುವ ಟಿಂಕರ್ ಚಕ್ರ ಉರುಳಿಸಿಕೊಂಡು ಬಂದ.

"ಚಕ್ರ ಹಾಕ್ಬೇಡಿ," ಎಂದಳು. "ಕ್ಯಾಲಿಪರ್ ಅದಲುಬದಲಾಗಿದೆ. ಅವ್ರಿಗೆ ನಿನ್ನೆ ಸುಸ್ತಾಗಿತ್ತು, ನಾನೇ ಹಾಕ್ದೆ. ಎಡದ್ದು ಬಲಕ್ಕೆ ಹಾಕ್ಬಿಟ್ಟೆ."

ಡಾಕ್ಟರ ಮುಖ ಬಿಳಿಚಿಕೊಂಡಿತು. ಬ್ರೇಕಿನ ಕೆಲಸವೆಂದರೆ ಸೌಟು ತಿರುಗಿಸಿದ ಹಾಗೆಂದುಕೊಂಡಿರಾ ಎಂದು ಕೇಳಿದರು. ಮೇಸ್ತ್ರಿ ಕೈಯಿಟ್ಟಿದ್ದರೆ ಇಂಥದ್ದು ನಡೆಯುತ್ತಿತ್ತೇ ಎಂದರು. ಬಾಗಿಲಿಗೆ ಬಂದಿದ್ದ ನಾದಿನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಣ್ಣನ ಹೆಸರಿಗೆ ಮಸಿ ಬಳಿಯೋಕೆ ಹೊರಟಿದ್ಯಲ್ಲ ಅತ್ತಿಗೆ."

"ತಪ್ಪಾಯ್ತು," ಎಂದಳು ಅವಳು.

ಟಿಂಕರ್ ಕೂತು ಟಾರ್ಚ್ ಹಾಕಿದ. ತಾನೇ ಬಿಗಿದ ಬೋಲ್ಟಿನ ತಲೆಗೆ ಮೇಸ್ತ್ರಿ ಬಿಳಿ ಪೇಂಟಿನ ಚುಕ್ಕೆ ಇಡುತ್ತಿದ್ದ. ಬೇರೆಯವರು ಬಿಗಿದದ್ದಕ್ಕೆ ಜಪ್ಪಯ್ಯ ಅಂದರೂ ಇಡುತ್ತಿರಲಿಲ್ಲ. ಗ್ಯಾರೇಜು ಬೀದಿಗೆಲ್ಲ ಅದು ಗೊತ್ತು. ಕ್ಯಾಲಿಪರಿನ ಎರಡೂ ಬೋಲ್ಟಿನ ಮೇಲೆ ಬಿಳಿ ಚುಕ್ಕೆಗಳಿದ್ದವು. ಅಷ್ಟೆಲ್ಲ ಯೋಚಿಸಿದ ಅವಳಿಗೆ ಇದೊಂದು ನೆನಪಿಗೇ ಬಂದಿರಲಿಲ್ಲ. ಟಿಂಕರ್ ತಲೆಯೆತ್ತಿ ಅವಳನ್ನು ನೋಡಿದ. ಅವಳು ನೆಲ ನೋಡಿದಳು.

"ಡಾಕ್ಟ್ರೇ, ಸ್ವಲ್ಪ ಹಿಂದೆ ನಿಲ್ಲಿ, ಬೆಳಕಿಗೆ ಅಡ್ಡ ಆಗುತ್ತೆ," ಎಂದು ಅವನು ತನ್ನ ಬೆನ್ನನ್ನೇ ಅವರಿಗೆ ಅಡ್ಡ ಮಾಡಿ ಕೂತ. "ಅತ್ತಿಗೆ, ಥಿನ್ನರ್ ಬಾಟ್ಲಿ ಕೊಡಿ."

ಕೊಟ್ಟಳು. ಅವನು ಬಟ್ಟೆ ಅದ್ದಿ ಒಂದು ಬೋಲ್ಟ್ ಉಜ್ಜಿದ, ಇನ್ನೊಂದನ್ನು ಉಜ್ಜಿದ. ಚುಕ್ಕೆ ಕರಗಿ ಬರಿಯ ಕಬ್ಬಿಣ ಕಂಡಿತು.

"ಹೌದು ಡಾಕ್ಟ್ರೇ, ಇದು ಮೇಸ್ತ್ರಿ ಕೈಯಲ್ಲ," ಎಂದು ಎದ್ದು ಆಚೆ ಕಡೆಯ ಚಕ್ರದ ಹತ್ತಿರ ಹೋದ. ಥಿನ್ನರ್ ಬಾಟಲಿಯನ್ನು ಜೊತೆಗೇ ಒಯ್ದ.