ತುದಿಗಾಲಲ್ಲಿ ನಿಂತವಳ ಒಪ್ಪಿಗೆ

1

2024ರ ಜೂನ್ 9, ಭಾನುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ.

ಹೀಗೆ ಶುರು ಮಾಡಬಹುದೇ? ಖಚಿತವಾಗಿದೆ, ಪ್ರಯೋಗಾಲಯದ ಶಿಸ್ತೂ ಇದೆ. ಆದರೆ ಕಥೆಯೊಳಗಿನ ಹುಡುಗಿ ತಲೆ ಎತ್ತಿದಳು.

"ಆಂಟಿ, ಅದು ನನ್ನ ಬರ್ತ್‌ಡೇ. ಅಳಿಸಿ."

(ಆಂಟಿಯಂತೆ! ನಾನು ಲೇಖಕಿ ಕಣಮ್ಮ.) ಸರಿ, ಬದಲಿಸಿದ್ದೇನೆ. ಮೇಲೆ ಈಗಿರುವ ತಾರೀಕು ಸುಳ್ಳು. ಭಾನುವಾರ ಮಾತ್ರ ನಿಜ.

2

ಅವಳ ಹೆಸರು ಬರೆಯುವಂತಿಲ್ಲ. ಶಾಲೆಯಲ್ಲಿ ಅವಳಿಗೆ ಬಿದ್ದ ಅಡ್ಡಹೆಸರು [ಅಳಿಸಿದೆ]. ಎತ್ತರವನ್ನು ಆಡಿಕೊಳ್ಳುವ ಹೆಸರು ಎಂದಷ್ಟೇ ಹೇಳಲು ಒಪ್ಪಿಗೆ ಸಿಕ್ಕಿದೆ.

ಕಾರಣ ಒಂದು ವಿಡಿಯೊ. ಚಿಕ್ಕವಳಿದ್ದಾಗ ಅಪ್ಪ ಅವಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ಪೆನ್ಸಿಲ್ ಗೆರೆ ಎಳೆಯುವಾಗ, ಇವಳು ಮೆಲ್ಲಗೆ ತುದಿಗಾಲಲ್ಲಿ ನಿಂತು, ಸಿಕ್ಕಿಬಿದ್ದು, ಹೋ ಎಂದು ಅತ್ತಳು. ಅಮ್ಮ ಅದನ್ನು ಇಂಟರ್‌ನೆಟ್ಟಿಗೆ ಹಾಕಿದಳು. ಕಳೆದ ತಿಂಗಳು ಅದು ಸಹಪಾಠಿಗಳ ಕೈಗೆ ಸಿಕ್ಕಿತು. ಈಗ ಇವಳು ಒಳಗೆ ಬಂದರೆ ಸಾಕು, ಇಡೀ ತರಗತಿ ತುದಿಗಾಲಲ್ಲಿ ನಿಲ್ಲುತ್ತದೆ.

3

ಅಮ್ಮನಿಗೆ ಮಕ್ಕಳ ಆನ್‌ಲೈನ್ ಆಟಗಳ ಕಂಪನಿಯೊಂದರಲ್ಲಿ ಕೆಲಸ. ಹೆತ್ತವರು ಕೇಳಿದರೆ ಮಕ್ಕಳ ಖಾತೆ, ಫೋಟೊ, ಧ್ವನಿ ಎಲ್ಲ ಅಳಿಸಿಹಾಕುವುದು. (ದೀಪದ ಬುಡದ ಕತ್ತಲಿನ ಗಾದೆಯನ್ನು ಇಲ್ಲಿ ಬಳಸಿದ್ದೆ. ಸವೆದ ಚಪ್ಪಲಿಯಂಥ ಮಾತು, ತೆಗೆದೆ.)

"ಊರ ಮಕ್ಕಳದ್ದೆಲ್ಲ ಅಳಿಸ್ತೀಯ, ನಂದು ಯಾಕಿಲ್ಲ?"

"ಅವರ ಅಪ್ಪ ಅಮ್ಮ ಕೇಳ್ತಾರೆ ಕಣೇ. ಕಾನೂನು ಹಾಗಿದೆ. ಮಕ್ಕಳ ಪರವಾಗಿ ದೊಡ್ಡವರು ಒಪ್ಪಿಗೆ ಕೊಡಬೇಕು."

"ನನ್ನ ಪರವಾಗಿ ಯಾರು ಕೊಟ್ರು?"

"ನಾನು."

"ಯಾರಿಗೆ?"

ಬಟ್ಟೆ ಮಡಿಸುತ್ತಿದ್ದ ಅಮ್ಮನ ಕೈ ನಿಂತಿತು. "ನನಗೇ."

"ಚೆನ್ನಾಗಿದೆ! ಬೇಲಿನೂ ನೀನೇ, ಹೊಲ ಮೇಯೋಳೂ ನೀನೇ."

(ಇದು ನಾನು ಬರೆದುಕೊಟ್ಟ ಮಾತಲ್ಲ. ಈ ವಯಸ್ಸಿಗೇ ಇಷ್ಟು ಬಾಯಿ! ವಯಸ್ಸೆಷ್ಟು ಎಂದು ಮಾತ್ರ ಕೇಳಬೇಡಿ.)

4

ಮುಕ್ತಾಯ ಒಂದು: ಅಮ್ಮ ಅಳಿಸುತ್ತಾಳೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ. ("ನಾನಂತೂ ತಬ್ಬಲ್ಲ," ಎಂದಳು ಹುಡುಗಿ. ಕರಡು ಹರಿದೆ.)

ಮುಕ್ತಾಯ ಎರಡು: ನ್ಯಾಯಾಲಯ. ನಾನು ಓದಿದ್ದು ರಸಾಯನಶಾಸ್ತ್ರ. ವಕೀಲರಿಗೆ ಕರಿ ಕೋಟು ತೊಡಿಸಿದೆ. ಮುಂದೆ ಅವರ ಬಾಯಲ್ಲಿ ಏನು ಆಡಿಸಬೇಕೋ ತಿಳಿಯದೆ ಮನೆಗೆ ಕಳಿಸಿದೆ.

ಮೂರನೆಯದನ್ನು ಹುಡುಕುವಷ್ಟರಲ್ಲಿ ಅಮ್ಮ ನನ್ನನ್ನು ಕೇಳದೆಯೇ ಬಾಯಿಬಿಟ್ಟಳು.

"ಆ ವಿಡಿಯೊದಲ್ಲಿ ನಿಮ್ಮಪ್ಪ ನಗ್ತಾರೆ ಕಣೇ. ಅವರ ನಗು ಬೇರೆ ಎಲ್ಲೂ ಉಳಿದಿಲ್ಲ. ಯಾರೋ ನೋಡ್ತಿದ್ದಾರೆ ಅಂದ್ರೆ, ಅವರು ಇನ್ನೂ ಎಲ್ಲೋ ನಗ್ತಾ ಇದ್ದಾರೆ ಅನ್ಸುತ್ತೆ."

ಓದುಗರೇ, ಅಪ್ಪನನ್ನು ನಾನು ಸಾಯಿಸಿಲ್ಲ. ಕಥೆ ಶುರುವಾಗುವ ಮೊದಲೇ ಅದು ಆಗಿಹೋಗಿತ್ತಂತೆ.

"ನಗು ನೀನು ಇಟ್ಕೋ ಅಮ್ಮ, ನಿನ್ನ ಫೋನಲ್ಲಿ. ನನ್ನ ಅಳು ಯಾಕೆ ಊರಿಗೆಲ್ಲ ಹಂಚಬೇಕು?"

ಅಮ್ಮ ಫೋನ್ ಎತ್ತಿಕೊಂಡಳು. ಪರದೆಯ ಮೇಲೆ ಒಂದೇ ಪ್ರಶ್ನೆ: ಅಳಿಸಲೇ?

"ಮೊದಲು ಒಂದ್ಸಲ ನೋಡೋಣ್ವಾ? ನಾವಿಬ್ಬರೇ?" ಎಂದು ಅಮ್ಮ ಕೇಳಿದಳು.

5

ಇಬ್ಬರೂ ಕೋಣೆಯೊಳಗೆ ಹೋದರು. ನಾನೂ ಹಿಂದೆಯೇ ಹೊರಟೆ; ಲೇಖಕಿಗೆ ಬಾಗಿಲು ಎಂದೂ ಅಡ್ಡಬಂದದ್ದಿಲ್ಲ.

"ಆಂಟಿ, ನೀವು ಇಲ್ಲೇ ಇರಿ."

"ಓದುಗರು ಕೇಳ್ತಾರಲ್ಲ, ಅಳಿಸಿದ್ಲಾ ಇಲ್ವಾ ಅಂತ?"

"ಕೇಳಲಿ ಬಿಡಿ. ನಾನು ಒಪ್ಪಿಗೆ ಕೊಟ್ಟಿಲ್ಲ."

ಒಳಗಿನಿಂದ ಗಂಡಸೊಬ್ಬನ ನಗು ಕೇಳಿಸಿತು. ಆಮೇಲೆ [ಅಳಿಸಿದೆ].

ಹೊರಗೆ ನಿಂತು ನಾನು ಅಳೆಯಬಹುದಾದದ್ದು ಒಂದೇ. ಬಾಗಿಲು ಚೌಕಟ್ಟಿಗೆ ಪೂರ್ತಿ ಕೂಡಿಲ್ಲ. ಸಂದು ನಾಲ್ಕು ಸೆಂಟಿಮೀಟರ್. ನಾನು ಇಣುಕಲಿಲ್ಲ.