ಲೋಕದವರ ಪಾತ್ರೆ

ಹಿಮದ ಮೇಲೆ ಎಳೆಯುವ ಜಾರುಬಂಡಿ ಮುಳುಗಿದ ಕಡೆ ಕಪ್ಪು ನೀರು ಒಂದೆರಡು ಗುಳ್ಳೆ ಬಿಟ್ಟು ಸುಮ್ಮನಾಯಿತು. ಉಸ್ತಿನ್ಯಾ ದಡದ ಹಿಮದ ಮೇಲೆ ಮೊಣಕಾಲೂರಿ, ಏದುಸಿರು ಬಿಡುತ್ತಾ ಅದನ್ನೇ ನೋಡಿದಳು. ಹೊಳೆ ಗಟ್ಟಿಯಾಗಿದೆ ಎಂದು ನಂಬಿ ಕಾಲಿಟ್ಟವಳು ಸೊಂಟದವರೆಗೆ ನೆನೆದಿದ್ದಳು. ಸೊಂಟಕ್ಕೆ ಕಟ್ಟಿದ್ದ ಬಂಡಿಯ ಹಗ್ಗವನ್ನು ಚಾಕುವಿನಿಂದ ಕೊಯ್ದುಕೊಂಡದ್ದರಿಂದ ಜೀವ ಉಳಿದಿತ್ತು. ಕೊಡಲಿ, ಕಂಬಳಿ, ಹಿಟ್ಟಿನ ಚೀಲ, ಅಡುಗೆಯ ಪಾತ್ರೆ, ಒಂದು ಕಾಲಿನ ಸ್ಕೀ, ಕಡೆಗೆ ಅವಳ ಬಟ್ಟಲು ಕೂಡ ಮಂಜುಗಡ್ಡೆಯ ಅಡಿಗೆ ಹೋಗಿದ್ದವು. ಬರ್ಚ್ ಮರದ ಗಂಟಿನಿಂದ ಆ ಬಟ್ಟಲನ್ನು ಕೆತ್ತಿಕೊಟ್ಟವನು ಅಣ್ಣ ಸವ್ವಾತಿ. ಹೋದ ವಸಂತದಲ್ಲಿ ಇದೇ ಹೊಳೆ, ಇನ್ನೂ ಕೆಳಗೆ, ಅವನನ್ನೂ ಹೀಗೆಯೇ ಒಳಗೆ ಎಳೆದುಕೊಂಡಿತ್ತು.

"ಅಣ್ಣನ್ನ ನುಂಗಿದ್ದು ಸಾಲ್ಲಿಲ್ವಾ ನಿಂಗೆ," ಎಂದು ಅವಳು ಹೊಳೆಗೆ ಹೇಳಿದಳು. "ಅವನು ಮಾಡಿಕೊಟ್ಟ ಬಟ್ಟಲೂ ಬೇಕಿತ್ತಾ."

ಬೂದುಬಣ್ಣದ ನಾಯಿ ಸೆರ್ಕೊ ಮೈ ಒದರಿ ಅವಳ ಮುಖಕ್ಕೇ ನೀರು ಚಿಮುಕಿಸಿತು.

"ನಿಂದೊಂದು ಬಾಕಿ ಇತ್ತು ನೋಡು."

ಹೊರಡುವಾಗಲೇ ಜಗಳವಾಗಿತ್ತು. ಸತ್ತ ಅಣ್ಣನ ಬೋನುಗಳು ಕಾಡಿನಲ್ಲಿ ಬಾಯಿ ತೆರೆದುಕೊಂಡೇ ಇವೆ, ಸಿಕ್ಕಿದ ಜೀವ ಯಾರಿಗೂ ಆಗದೆ ಕೊಳೆಯುತ್ತದೆ, ಅವನ್ನು ಮುಚ್ಚಿ ಬರುತ್ತೇನೆ ಎಂದು ಉಸ್ತಿನ್ಯಾ ಹಟ ಹಿಡಿದಿದ್ದಳು. ಅಜ್ಜಿ ಮೆಲಾನ್ಯಾ ಒಪ್ಪಲಿಲ್ಲ.

"ಕಾರ್ಪ್ ಹೋಗ್ತಾನೆ ಬಿಡು."

"ಚಿಕ್ಕಪ್ಪ ಸುಗ್ಗಿಯಿಂದ ಹೋಗ್ತಾನೇ ಇದಾನೆ ಅಜ್ಜಿ. ಇನ್ನೂ ಒಲೆ ಪಕ್ಕದಿಂದ ಬಾಗಿಲವರೆಗೆ ತಲುಪಿಲ್ಲ."

"ಕೇಳಿಸ್ತು ಕಣೇ," ಎಂದಿತ್ತು ಒಲೆಯ ಪಕ್ಕದ ಮಂಚ.

ಅಜ್ಜಿ ಕೊನೆಗೆ ಒಣರೊಟ್ಟಿಯ ಚೀಲವನ್ನು ಅವಳ ಅಂಗಿಯೊಳಗೆ ತುರುಕಿ, "ಹೋಗು. ಬಟ್ಟಲು ಮರೀಬೇಡ. ಲೋಕದವರ ಪಾತ್ರೇಲಿ ಬಾಯಿಟ್ಟು ಬಂದೆ ಅಂದ್ರೆ ಮನೆಗೆ ಇನ್ನೊಂದು ಸ್ಟೂಲು ಮಾಡಿಸೋ ಶಕ್ತಿ ನಂಗಿಲ್ಲ," ಎಂದಿದ್ದಳು.

ಹಳೆಯ ನಂಬಿಕೆಯ ಅವರ ಹಳ್ಳಿಯಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಬಟ್ಟಲು. ನದಿಯಾಚೆಯಿಂದ ಬರುವ ಬೇಟೆಗಾರರು, ನೆಲ ಅಳೆಯುವವರು, ಅಧಿಕಾರಿಗಳು ಎಲ್ಲರೂ ಲೋಕದವರು. ಅವರಿಗೆ ನೀರು ಕೊಡಲು ಬಾಗಿಲ ಬಳಿ ಒಂದು ಮುಕ್ಕಾದ ಲೋಟ ಇರುತ್ತಿತ್ತು. ತಮ್ಮವರೇ ಯಾರಾದರೂ ಲೋಕದವರ ಪಾತ್ರೆಯಲ್ಲಿ ಉಂಡರೆ, ಕುಡಿದರೆ, ಆರು ವಾರ ಬಾಗಿಲ ಬಳಿಯ ಸ್ಟೂಲಿನ ಮೇಲೆ ಬೇರೆಯಾಗಿ ಉಣ್ಣಬೇಕು, ಪ್ರಾರ್ಥನೆ ಸಲ್ಲಿಸಬೇಕು, ಆಮೇಲೆ ಮನೆಯ ಮೇಜಿಗೆ ಬರಬೇಕು. ಸವ್ವಾತಿ ಒಂದು ಚಳಿಗಾಲ ರಸ್ತೆ ಕೆಲಸದವರ ಜೊತೆ ದುಡಿದು, ಅವರ ಗಂಜಿ ಉಂಡು ಬಂದಿದ್ದ. ಅವನ ತಟ್ಟೆಯನ್ನು ಸ್ಟೂಲಿನ ಹತ್ತಿರ ಇಟ್ಟು ಹಿಂದೆ ಸರಿಯುತ್ತಿದ್ದವಳು ಉಸ್ತಿನ್ಯಾ. ಆರು ವಾರ ಮುಗಿಯುವ ಮೊದಲೇ ಹೊಳೆ ಅವನನ್ನು ಕೊಂಡೊಯ್ದಿತು. ಮೇಜಿನ ಬಳಿ ಅವನ ಜಾಗ ಹಾಗೆಯೇ ಖಾಲಿ ಉಳಿಯಿತು.

ಬೋನುಗಳ ಬಳಿಯ ಅಣ್ಣನ ಗುಡಿಸಲು ಇನ್ನೂ ಅರ್ಧ ದಿನದ ದಾರಿ. ಒಂದೇ ಸ್ಕೀಯಲ್ಲಿ, ಹಲಗೆಯಂತೆ ಸೆಟೆದ ಬಟ್ಟೆಯಲ್ಲಿ ಅಲ್ಲಿಗೆ ಮುಟ್ಟುವುದು ಆಗದ ಮಾತು. ತೊರೆಗಳು ಕೂಡುವ ಕಡೆ ಲೋಕದವರ ಬೇಟೆಯ ಗುಡಿಸಲಿತ್ತು. ಅವಳು ಸ್ಕೀ ಕಳಚಿ, ಅದನ್ನೇ ಊರುಗೋಲು ಮಾಡಿಕೊಂಡು, ತೊಡೆಮಟ್ಟದ ಹಿಮದಲ್ಲಿ ಬಿದ್ದು ಎದ್ದು ಅಲ್ಲಿಗೆ ತಲುಪುವ ಹೊತ್ತಿಗೆ ಗಾಳಿ ಎದ್ದಿತ್ತು. ಎಡಗಾಲಿನ ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಒಳಗೆ ಎಲ್ಲವೂ ಇತ್ತು. ಸೀಳಿದ ಸೌದೆ, ಬೆಂಕಿಕಡ್ಡಿ, ಮಲಗುವ ಹಲಗೆಯ ಮೇಲೆ ಜಿಂಕೆಯ ಚರ್ಮ, ಮೊಳೆಗೆ ತೂಗುಹಾಕಿದ ಒಂದು ಮಸಿ ಹಿಡಿದ ಪಾತ್ರೆ. ಯಾರೋ ಗೊತ್ತಿಲ್ಲದವನು ಮುಂದೆ ಬರುವ ಗೊತ್ತಿಲ್ಲದವನಿಗಾಗಿ ಇಟ್ಟುಹೋದದ್ದು. ಉಸ್ತಿನ್ಯಾ ಎರಡು ಬೆರಳು ಕೂಡಿಸಿ ಶಿಲುಬೆಯ ಗುರುತು ಮಾಡಿ ಬೆಂಕಿ ಹಚ್ಚಿದಳು. ಹೊಗೆಯೆಲ್ಲ ಒಳಗೇ ತುಂಬಿತು. ಕೆಮ್ಮುತ್ತಾ ಹೊರಗೆ ಬಂದು, ಮಾಡಿನ ಮೇಲೆ ತೆವಳಿ, ಹೊಗೆಯ ಕೊಳವೆಯೊಳಗೆ ಕೋಲು ಹಾಕಿ ತಿವಿದಳು. ಹಕ್ಕಿಯ ಗೂಡೊಂದು ಕೆಳಗೆ ಬಿತ್ತು. ಅವಳೂ ಬಿದ್ದಳು.

"ನಗಬೇಡ," ಎಂದಳು ಸೆರ್ಕೊಗೆ.

ಬೆಂಕಿ ಹತ್ತಿತು. ಬೆಂಕಿಗೆ ಮೈಲಿಗೆಯಿಲ್ಲ, ಸೂರಿಗೆ ಇಲ್ಲ, ಸೌದೆಗೆ ಇಲ್ಲ. ಬಟ್ಟೆ ಒಣಗಿಸಿಕೊಂಡು, ಕಾಲನ್ನು ಉಜ್ಜಿ ಉಜ್ಜಿ ನೋವು ಬರಿಸಿಕೊಂಡು, ಒಣರೊಟ್ಟಿ ಕಚ್ಚಿದಳು. ಅದು ಗಂಟಲಿನಲ್ಲಿ ಮರಳಿನಂತೆ ನಿಂತಿತು. ಆಗ ಅವಳಿಗೆ ಬಾಯಾರಿಕೆ ಗೊತ್ತಾಯಿತು.

ಹೊರಗೆ ಮಾಡಿನವರೆಗೆ ಹಿಮ. ಹೊಸಿಲಿನಿಂದ ಕೈ ಚಾಚಿದರೆ ಸಿಗುವಷ್ಟು ನೀರು, ಆದರೆ ಕರಗಿಸಲು ಅವಳದೆನ್ನುವ ಒಂದು ಚಿಪ್ಪೂ ಇರಲಿಲ್ಲ. ಹಿಡಿ ಹಿಡಿ ಹಿಮ ತಿಂದಳು. ಬಾಯಿ ಮರಗಟ್ಟಿತು, ಹೊಟ್ಟೆಯಿಂದ ನಡುಕ ಎದ್ದಿತು, ದಾಹ ಇನ್ನೂ ಹೆಚ್ಚಿತು. ತುಪ್ಪಳದ ಟೋಪಿಯಲ್ಲಿ ಹಿಮ ತುಂಬಿ ಒಲೆಯ ಮುಂದೆ ಹಿಡಿದಳು. ಒಂದು ಗುಟುಕು ನೀರು, ಬಾಯಿ ತುಂಬ ಕೂದಲು. ಹಿಮದ ಉಂಡೆಯನ್ನು ಕಡ್ಡಿಗೆ ಸಿಕ್ಕಿಸಿ ಒಲೆಯ ಬಾಗಿಲಿಗೆ ಹಿಡಿದು, ತೊಟ್ಟಿಕ್ಕಿದ್ದನ್ನು ನಾಲಿಗೆಯಿಂದ ಹಿಡಿಯಲು ಹೋದಳು, ಹುಬ್ಬು ಸುಟ್ಟಿತು.

ಮರುದಿನ ಹಿಮಗಾಳಿಯಲ್ಲಿ ಕುಂಟುತ್ತಾ ಹೋಗಿ ಬರ್ಚ್ ತೊಗಟೆ ಕಿತ್ತು ತಂದಳು. ಬೇಸಿಗೆಯಲ್ಲಿ ಬಟ್ಟೆಯಂತೆ ಮಡಿಚಿಕೊಳ್ಳುವ ತೊಗಟೆ ಆ ಚಳಿಗೆ ಮಡಿಚಿದ ಕಡೆಯೆಲ್ಲ ಸೀಳಿತು. ಬೆಚ್ಚಗೆ ಮಾಡಿ ಮತ್ತೆ ಮಡಿಚಿದಳು. ದೊನ್ನೆ ಆಯಿತು. ಅವಳು ಸಂತೋಷಪಡುವಷ್ಟರಲ್ಲಿ ಕೆಳಗಿನಿಂದ ಎಲ್ಲ ಸೋರಿ ಒಲೆಯ ಮೇಲೆ ಚುಂಯ್ ಎಂದಿತು. ಸೌದೆಯ ತುಂಡೊಂದನ್ನು ಚಾಕುವಿನಿಂದ ಕೊರೆಯುತ್ತಾ ಮತ್ತೊಂದು ದಿನ ಕಳೆದಳು. ಅಂಗೈ ಬೊಕ್ಕೆಯೆದ್ದಿತು. ಗುಳಿಯಲ್ಲಿ ಹಿಮ ತುಂಬಿ ಕಾದ ಕಲ್ಲು ಹಾಕಿದೊಡನೆ ಮರ ಟಪ್ಪೆಂದು ನಡುವೆ ಬಿರಿಯಿತು.

ಅವಳು ಆ ತುಂಡನ್ನು ಗೋಡೆಗೆ ಎಸೆದಳು. ಅದು ಪಾತ್ರೆಗೆ ತಗುಲಿ, ಪಾತ್ರೆ ಠಣ್ ಎಂದು ತೂಗಾಡಿತು.

"ನೀನು ಸುಮ್ನಿರು," ಎಂದಳು ಪಾತ್ರೆಗೆ.

ಗಾಳಿ ನಿಲ್ಲಲಿಲ್ಲ. ಜ್ವರ ಬಂತು. ತುಟಿ ಒಡೆದು ರಕ್ತ ಜಿನುಗಿತು, ಹಿಮ ತಿಂದು ತಿಂದು ಬಾಯೊಳಗೆ ಹುಣ್ಣಾಯಿತು, ರೊಟ್ಟಿ ಇದ್ದರೂ ನುಂಗಲಾಗಲಿಲ್ಲ. ಚರ್ಮದ ಜಪಪಟ್ಟಿಯ ಒಂದೊಂದೇ ಗಂಟು ಜರುಗಿಸುತ್ತಾ, ಪ್ರಭುವೇ ಕರುಣಿಸು ಎನ್ನಲು ಹೊರಟರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ದೇವರ ಮೇಲೆ ಸಿಟ್ಟಾಗಬಾರದು ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಅಜ್ಜಿಯ ಮೇಲೆ ಸಿಟ್ಟಾದಳು, ಚಿಕ್ಕಪ್ಪನ ಮೇಲೆ ಸಿಟ್ಟಾದಳು, ಹಿಮವನ್ನು ಗಬಗಬನೆ ತಿಂದು ಸುಖವಾಗಿ ಮಲಗಿದ್ದ ನಾಯಿಯ ಮೇಲೂ ಸಿಟ್ಟಾದಳು. ಒಬ್ಬಳೇ ಇದ್ದ ಆ ಗುಡಿಸಲಿನಲ್ಲಿ ಅವಳನ್ನು ನೋಡುವವರು ಯಾರೂ ಇರಲಿಲ್ಲ. ಕುಡಿದು, ಒರೆಸಿ, ತೂಗುಹಾಕಿ, ಮನೆಯಲ್ಲಿ ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಮೇಜಿನ ಬಳಿ ಕೂರುವುದು ಅವಳಿಗೆ ಸಾಧ್ಯವಿರಲಿಲ್ಲ. ಕುಡಿದರೆ ಸ್ಟೂಲು. ಕುಡಿಯದಿದ್ದರೆ ಮೇಜಿನ ಬಳಿ ಇನ್ನೊಂದು ಖಾಲಿ ಜಾಗ.

ಸ್ಟೂಲಿನ ಮೇಲೆ ಕುಳಿತ ಸವ್ವಾತಿ ಒಮ್ಮೆ ಅವಳನ್ನು ಕರೆದಿದ್ದ. "ಉಸ್ತ್ಯಾ, ತಟ್ಟೇನ ಕೈಗೇ ಕೊಡೇ. ನಾನೇನು ಕಚ್ಚಲ್ಲ." ಅವಳು ಕೊಟ್ಟಿರಲಿಲ್ಲ. ನೆಲದ ಮೇಲಿಟ್ಟು, ಕಾಲಿನಿಂದ ತುಸು ಮುಂದಕ್ಕೆ ತಳ್ಳಿದ್ದಳು.

ಅವಳು ಎದ್ದು ಪಾತ್ರೆಯನ್ನು ಇಳಿಸಿದಳು. ಬೂದಿ ಹಾಕಿ ತಿಕ್ಕಿದಳು, ಹಿಮ ಹಾಕಿ ತಿಕ್ಕಿದಳು. ಎಷ್ಟು ತಿಕ್ಕಿದರೂ ಅದರ ಲೋಕ ಹೋಗುವುದಿಲ್ಲ ಎಂದು ತಿಳಿದೇ, ಅಳುತ್ತಾ ತಿಕ್ಕಿದಳು. ಹಿಮ ತುಂಬಿ ಒಲೆಯ ಮೇಲಿಟ್ಟಳು. ಅದು ಕುಗ್ಗಿತು, ಮತ್ತೆ ತುಂಬಿದಳು. ನೀರು ಬಿಸಿಯಾದ ಮೇಲೆ ಶಿಲುಬೆಯ ಗುರುತು ಮಾಡಿ, ಮೊದಲ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಕುಳಿತಳು. ಗುಡುಗಲಿಲ್ಲ, ನೆಲ ಬಿರಿಯಲಿಲ್ಲ. ನೀರಿಗೆ ಮಸಿಯ ವಾಸನೆಯಿತ್ತು, ಅಷ್ಟೆ. ಅವಳು ನುಂಗಿದಳು. ಆಮೇಲೆ ಪಾತ್ರೆ ಖಾಲಿಯಾಗುವವರೆಗೂ ಕುಡಿದಳು. ರೊಟ್ಟಿ ನೆನೆಸಿ ತಿಂದಳು, ಮಲಗಿದಳು, ಬೆವರಿದಳು, ಎದ್ದು ಮತ್ತೆ ಕುಡಿದಳು. ಜ್ವರ ಇಳಿಯಿತು. ಸಿಟ್ಟು ಇಳಿಯಲಿಲ್ಲ.

ಗಾಳಿ ನಿಂತ ಬೆಳಿಗ್ಗೆ ಸೆರ್ಕೊ ಬಾಗಿಲು ಕೆರೆದು ಬೊಗಳಿತು. ಕುದುರೆಯನ್ನು ಕಣಿವೆಯಲ್ಲಿ ಕಟ್ಟಿ, ಚಿಕ್ಕಪ್ಪ ಕಾರ್ಪ್ ಸ್ಕೀಯ ಮೇಲೆ ಬರುತ್ತಿದ್ದ. ಅವನ ಹಿಂದೆ, ಅವನಿಗಿಂತ ನೆಟ್ಟಗೆ, ಅಜ್ಜಿ.

"ಇದಾಳೆ," ಎಂದ ಕಾರ್ಪ್. ಹೊಸಿಲ ಮೇಲೆ ಕುಸಿದು ಮೀಸೆಯ ಮಂಜನ್ನು ಕೀಳತೊಡಗಿದ. "ನಾನು ಹೇಳ್ಲಿಲ್ವಾ ಅಮ್ಮ, ಇವಳನ್ನ ತೋಳಾನೂ ತಿನ್ನಲ್ಲ, ಬೈಸ್ಕೋಬೇಕಾಗುತ್ತೆ ಅಂತ."

ಅಜ್ಜಿ ಕೈಗವಸು ಕಳಚಿದಳು. ಉಸ್ತಿನ್ಯಾಳ ಕೆನ್ನೆ ಹಿಡಿದು ನೋಡಿದಳು, ಕಾಲಿನ ಬೆರಳುಗಳನ್ನು ಒಂದೊಂದಾಗಿ ಹಿಸುಕಿ ನೋಡಿದಳು. ಕಾರ್ಪ್‌ನ ಕಣ್ಣು ಒಲೆಯ ಮೇಲೆ ಹೋಯಿತು. ಪಾತ್ರೆಯಲ್ಲಿ ನೀರು ಆವಿಯಾಡುತ್ತಿತ್ತು.

"ಇದು ಯಾರದು?"

"ಲೋಕದವರದು," ಎಂದಳು ಉಸ್ತಿನ್ಯಾ. "ನನ್ನ ಬಟ್ಟಲು ಹೊಳೆಗೆ ಹೋಯ್ತು. ಕುಡಿದೆ. ಒಂದ್ಸಲ ಅಲ್ಲ, ದಿನಾ ಕುಡಿದೆ. ಸ್ಟೂಲು ಹಾಕೋದಾದ್ರೆ ಹಾಕಿ, ಈಗಲೇ ಹೇಳ್ಬಿಟ್ಟಿದೀನಿ."

"ಅಯ್ಯೋ ಮಗಳೇ," ಎಂದ ಕಾರ್ಪ್ ಮೆಲ್ಲಗೆ. "ತೊಗಟೇಲಿ ಒಂದು ದೊನ್ನೆನಾದ್ರೂ ಮಾಡ್ಕೋಬಾರ್ದಿತ್ತಾ?"

ಉಸ್ತಿನ್ಯಾ ಮೂಲೆಯಲ್ಲಿದ್ದ ಸೀಳಿದ ತೊಗಟೆಗಳ ರಾಶಿಯನ್ನು, ಎರಡು ಹೋಳಾದ ಮರದ ತುಂಡನ್ನು ನೋಡಿದಳು.

ಅಜ್ಜಿಯೂ ಆ ರಾಶಿಯನ್ನು ನೋಡಿದಳು. ಆಮೇಲೆ ಒಲೆಯ ಬಳಿ ಕುಳಿತಳು.

"ದಾರೀಲಿ ಬಾಯೆಲ್ಲ ಒಣಗಿದೆ. ನೀರು ಕೊಡೇ."

ಕಾರ್ಪ್ ತಕ್ಷಣ ಅಂಗಿಯೊಳಗಿಂದ ತನ್ನ ತೊಗಟೆಯ ಕುಡಿಕೆಯನ್ನು ತೆಗೆದ. "ತಗೋ ಅಮ್ಮ, ನಮ್ಮನೇದೇ."

"ನಿಂದು ನಿನ್ಹತ್ರ ಇರ್ಲಿ." ಅಜ್ಜಿ ಪಾತ್ರೆಯ ಕಡೆ ಕೈ ಚಾಚಿದಳು. "ಅದನ್ನ ಕೊಡು. ನೆಲದ ಮೇಲಿಡಬೇಡ. ಕೈಗೇ ಕೊಡು."

"ಅಮ್ಮ, ನಿನಗೂ ಆರು ವಾರ—"

"ನಂಗೆ ಎಣಿಸೋಕೆ ಬರುತ್ತೆ ಕಾರ್ಪ್."

ಅವಳು ಎರಡೂ ಕೈಯಲ್ಲಿ ಪಾತ್ರೆ ಹಿಡಿದು, ಕಣ್ಣುಮುಚ್ಚಿ, ತುಟಿಯಲ್ಲೇ ಏನೋ ಪ್ರಾರ್ಥಿಸಿ ಕುಡಿದಳು. ಕಾರ್ಪ್ ಮುಖ ತಿರುಗಿಸಿ ನಾಯಿಯನ್ನು ಸವರತೊಡಗಿದ. ಹೊರಡುವ ಮೊದಲು ಅಜ್ಜಿಯೇ ಸೌದೆ ಸೀಳಿಸಿ ಒಲೆಯ ಪಕ್ಕ ಜೋಡಿಸಿದಳು, ಬೆಂಕಿಕಡ್ಡಿಯ ಪೊಟ್ಟಣವನ್ನು ನೆನೆಯದಂತೆ ಎತ್ತರದಲ್ಲಿಟ್ಟಳು, ಪಾತ್ರೆ ಒರೆಸಿ ಅದರ ಮೊಳೆಗೆ ತೂಗುಹಾಕಿದಳು.

ಮನೆಯಲ್ಲಿ ಹಿರಿಯರು ಬಂದು ಇಬ್ಬರಿಗೂ ಪ್ರಾಯಶ್ಚಿತ್ತದ ಪ್ರಾರ್ಥನೆ ಹೇಳಿಕೊಟ್ಟು ಹೋದರು. ಸವ್ವಾತಿಯ ಸ್ಟೂಲನ್ನು ಕೊಟ್ಟಿಗೆಯಿಂದ ತರಲಾಯಿತು. ಅದರ ಮೇಲೆ ಅಜ್ಜಿ ಕುಳಿತಳು, ಪಕ್ಕದಲ್ಲಿ ಮಗುಚಿದ ತೊಟ್ಟಿಯ ಮೇಲೆ ಉಸ್ತಿನ್ಯಾ. ಬಾಗಿಲ ಸಂದಿಯಿಂದ ಗಾಳಿ ನೇರ ಬೆನ್ನಿಗೇ ಹೊಡೆಯುತ್ತಿತ್ತು. ಕಾರ್ಪ್ ತಟ್ಟೆಗಳನ್ನು ತಂದು, ಬಗ್ಗಿ, ಎಲ್ಲಿಡುವುದೆಂದು ತಿಳಿಯದೆ ನಿಂತ.

ಅಜ್ಜಿ ತಟ್ಟೆಯನ್ನು ಅವನ ಕೈಯಿಂದಲೇ ತೆಗೆದುಕೊಂಡು, ಒಂದು ತುತ್ತು ಗಂಜಿ ಬಾಯಿಗಿಡಲು ಬಗ್ಗಿದಳು. ಸ್ಟೂಲು ಕಟಕ್ ಎಂದು ಒಂದು ಕಡೆಗೆ ವಾಲಿತು, ಗಂಜಿ ಮಡಿಲಿಗೆ ಚೆಲ್ಲಿತು. ಅವಳು ಈ ಕಡೆ ಜರುಗಿ ಕುಳಿತಳು, ಅದು ಆ ಕಡೆಗೆ ವಾಲಿತು. ಕಾಲಿನಡಿ ಏನೋ ಇದೆಯೆಂದು ಬಗ್ಗಿ ನೋಡಿದಳು. ಸ್ಟೂಲಿನ ಒಂದು ಕಾಲು ಗಿಡ್ಡವಿತ್ತು. ಅದರ ಅಡಿಯಲ್ಲಿ, ಯಾರೋ ಎಂದೋ ಮಡಿಚಿ ಸಿಕ್ಕಿಸಿದ್ದ ತೊಗಟೆಯ ಚೂರು ಸವೆದು ತೆಳ್ಳಗಾಗಿತ್ತು.

ಅಜ್ಜಿ ಚಮಚವನ್ನು ಕೆಳಗಿಟ್ಟಳು.

"ಇದು ಅಲ್ಲಾಡುತ್ತೆ," ಎಂದಳು. "ಅಷ್ಟು ದಿನ ಸವ್ವಾತಿ ಇದರ ಮೇಲೆ ಕೂತಿದ್ನಲ್ಲ. ಅಲ್ಲಾಡುತ್ತೆ ಅಂತ ನಂಗೊಂದು ಮಾತು ಹೇಳ್ಲಿಲ್ಲ."