ಕೊನೆ ಬಸ್ಸಿನ ರೇಟು

ಹೂವಿನಹಡಗಲಿ ಬಸ್ ನಿಲ್ದಾಣದ ಎದುರಿಗೆ, ಜೆರಾಕ್ಸ್ ಅಂಗಡಿಯ ಮೇಲೆ ಗುರುಬಸವರಾಜನ ಸೈಬರ್ ಸೆಂಟರ್ ಇತ್ತು. ಎರಡು ಸಾವಿರದ ಏಳನೆಯ ಇಸವಿ. ಊರಿಗೆ ಬ್ರಾಡ್‌ಬ್ಯಾಂಡ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ರಿಸಲ್ಟ್ ನೋಡುವವರು, ಅರ್ಜಿ ತುಂಬುವವರು ಬೆಳಿಗ್ಗೆ ಬಂದು ಹೋದರೆ ಮಧ್ಯಾಹ್ನದಿಂದ ಆ ಕೋಣೆ ಆಟದವರದ್ದು. ಅವರೆಲ್ಲ ಆಡುತ್ತಿದ್ದುದು ಒಂದೇ ಆಟ. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದೆ ‘ಕ್ವಾಟಿ ಆಟ’ ಎಂದೇ ಆಗಿಹೋಗಿತ್ತು. ಎಲ್ಲೆಲ್ಲಿಯದೋ ಜನ ಒಂದು ಕೋಟೆಯೊಳಗೆ ಸೇರಿ ರಾಕ್ಷಸರನ್ನು ಕೊಲ್ಲುವುದು, ಸಿಕ್ಕ ಕತ್ತಿ ಗುರಾಣಿಗಳನ್ನು ಕೋಟೆಯ ಪೇಟೆಯಲ್ಲಿ ಮಾರುವುದು. ಆ ಪೇಟೆಯೂ ಥೇಟು ನಮ್ಮ ಸಂತೆಯೇ. ಮಾರುವವನು ಮಾಲು ಮುಂದಿಟ್ಟುಕೊಂಡು ಕೂತಿರಬೇಕು, ಎದ್ದು ಹೋದರೆ ಅಂಗಡಿ ಮುಚ್ಚಿತು. ಕೊಳ್ಳುವವನು ಒಂದು ಅಂಕಿ ಬರೆದು ಕಳಿಸುತ್ತಾನೆ. ಹಸಿರು ಗುಂಡಿ ಒತ್ತಿದರೆ ಕೊಟ್ಟ ಹಾಗೆ, ಕೆಂಪು ಒತ್ತಿದರೆ ಆಗುವುದಿಲ್ಲ ಎಂದ ಹಾಗೆ.

ಗುರುಬಸವರಾಜ ಆಡುವವನಲ್ಲ ಎಂದು ಊರೇ ನಂಬಿತ್ತು. “ಕಣ್ಣು ಹಾಳು, ವಿದ್ಯಾ ಹಾಳು” ಎಂದು ಹುಡುಗರಿಗೆ ಬುದ್ಧಿ ಹೇಳುತ್ತಲೇ ಅವರಿಂದ ಗಂಟೆಯ ಬಾಡಿಗೆ ಇಸಿದುಕೊಳ್ಳುವ ದೊಡ್ಡ ಮನುಷ್ಯ ಆತ. ಆದರೆ ಕೌಂಟರಿನ ಮೇಲಿನ ಕಂಪ್ಯೂಟರಿನ ಪರದೆ ಅವನೊಬ್ಬನಿಗೇ ಕಾಣುವಂತೆ ತಿರುಗಿತ್ತು. ಅದರೊಳಗೆ ಅವನು ‘ಕಲ್ಲುಗುಂಡು’ ಎಂಬ ಹೆಸರಿನ, ದಪ್ಪ ಮೀಸೆಯ ಸೈನಿಕ. ಇದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

ಗಂಗಾಧರ ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವಕ. ಆಟದಲ್ಲಿ ಅವನನ್ನು ಮೀರಿಸುವವರು ಆ ಕೋಣೆಯಲ್ಲಿ ಇರಲಿಲ್ಲ. ತಿಂಗಳುಗಟ್ಟಲೆ ಒದ್ದಾಡಿ ಅವನೊಂದು ನವಿಲಂಗಿ ಗೆದ್ದಿದ್ದ. ನವಿಲುಗರಿಯ ಬಣ್ಣದ ಆ ಕವಚ ತೊಟ್ಟವನಿಗೆ ಬೆಂಕಿ ತಾಗುವುದಿಲ್ಲ. ಅದನ್ನು ಮಾರಿ ಕುದುರೆ ಕೊಳ್ಳಬೇಕು, ಕುದುರೆ ಇದ್ದವರನ್ನಷ್ಟೇ ಸೇರಿಸಿಕೊಳ್ಳುವ ದೊಡ್ಡ ದಂಡಿಗೆ ಸೇರಬೇಕು ಎಂಬುದು ಅವನ ಆಸೆ. ಆಟದ ಬಂಗಾರದಲ್ಲಿ ಐದು ಸಾವಿರಕ್ಕೆ ಒಂದು ಕಾಸೂ ಕಡಿಮೆಯಿಲ್ಲ ಎಂದು ಕೂತಿದ್ದ. ಕಲ್ಲುಗುಂಡು ಮೂರು ಸಾವಿರಕ್ಕೆ ಕೇಳಿದಾಗ, “ಹೋಗಿ ಗೋಣಿಚೀಲ ಉಟಗೋ” ಎಂದು ಬರೆದು ಕಳಿಸಿದ್ದ. ಎರಡು ಮಾರು ದೂರದ ಕೌಂಟರಿನಲ್ಲಿ ಗುರುಬಸವರಾಜನ ಮುಖ ಕೆಂಪಾಗಿತ್ತು.

ಗಂಗಾಧರನ ತಾಯಿ ಕೊಟ್ರಮ್ಮ ಬಸ್ ನಿಲ್ದಾಣದಲ್ಲಿ ಮಲ್ಲಿಗೆ ಮಾರುತ್ತಿದ್ದಳು. ಮಾಗಳದ ತೋಟಗಳಿಂದ ಬಂದ ಮೊಗ್ಗನ್ನು ಕಟ್ಟಿ, ಮೊಳ ಹಾಕಿ ಕೊಡುತ್ತ ಆಕೆಯ ಮೊಣಕೈ ಕಪ್ಪಾಗಿತ್ತು. ಮಗ ಕಂಪ್ಯೂಟರಿನ ಮುಂದೆ ಕೂರುವುದನ್ನು ಬೈದೂ ಬೈದೂ, ತಾಯಿ ಮಗನ ನಡುವೆ ಊಟಕ್ಕೆ ಕರೆಯುವ ಮಾತಷ್ಟೇ ಉಳಿದಿತ್ತು. ಅಂಥದ್ದರಲ್ಲಿ ಒಂದು ಭಾನುವಾರ ಗಂಗಾಧರ ತಾನಾಗಿಯೇ ಅವಳ ಹತ್ತಿರ ಬಂದು ಕೂತ. ತೆಲಿಗಿಯಲ್ಲಿ ರೀಚಾರ್ಜ್ ಅಂಗಡಿಯ ಮಾಲೀಕನ ಮಗುವಿನ ತೊಟ್ಟಿಲು ಕಾರ್ಯ, ಅವನು ಹೋಗಲೇಬೇಕು. ಆದರೆ ಭಾನುವಾರವೇ ಕೋಟೆಯ ಪೇಟೆ ತುಂಬುವ ದಿನ. ಪಕ್ಕದ ಸೀಟಿನ ಗೆಳೆಯರ ಕೈಗೆ ನವಿಲಂಗಿ ಒಪ್ಪಿಸುವಷ್ಟು ಅವನು ಹುಂಬನಾಗಿರಲಿಲ್ಲ.

“ಅವ್ವಾ, ನನ್ನ ಅಂಗಡ್ಯಾಗ ಸಂಜೀತನಕ ಕುಂದರ್ತೀ ಏನು? ನಿನ್ನ ಬಿಟ್ರ ನಾ ಯಾರನ್ನ ನಂಬಲಿ?”

ಕೊಟ್ರಮ್ಮನಿಗೆ ಆಕಾಶ ಮೂರೇ ಗೇಣು ಉಳಿಯಿತು. ಬೆಳಗಿನ ಹೂವು ಮಾರಿ ಮುಗಿಸಿ, ಒಗೆದ ಸೀರೆ ಉಟ್ಟು ಸೈಬರ್ ಸೆಂಟರಿನ ಮೆಟ್ಟಿಲು ಹತ್ತಿದಳು. ಅಂಕಿ ಓದಲು ಬರುತ್ತಿತ್ತು. ಗಂಗಾಧರ ಐದು ಸಾವಿರದ ರೇಟನ್ನೂ ಗುಂಡಿ ಒತ್ತುವುದನ್ನೂ ಹೇಳಿಕೊಟ್ಟು, “ಬ್ಯಾರೆ ಏನರ ಬಂದ್ರ ಬಸಣ್ಣನ್ನ ಕೇಳು. ಆತ ಆಟ ಆಡೋ ಪೈಕಿ ಅಲ್ಲ” ಎಂದು ಕೌಂಟರಿನತ್ತ ಕೈ ತೋರಿಸಿ ಬಸ್ಸು ಹತ್ತಿದ.

ಮಧ್ಯಾಹ್ನವೆಲ್ಲ ಆಕೆ ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎರಡು ಸಾವಿರ ಬಂತು, ಕೆಂಪು. ಮೂರು ಸಾವಿರ ಬಂತು, ಕೆಂಪು. “ಹೋಗೋ, ಇದೇನು ಪುಗಸಟ್ಟೆ ಮಾಲು ಅಂತ ಮಾಡೀ ಏನು?” ಎಂದು ಪರದೆಗೆ ಗದರಿದಳು. ಸೀಟುಗಳಲ್ಲಿದ್ದವರೆಲ್ಲ ನಕ್ಕರು. ಅವಳಿಗೂ ಖುಷಿಯೇ ಆಯಿತು.

ಹೊತ್ತು ಇಳಿಯುತ್ತ ಬಂದಂತೆ ಅವಳ ಜೀವ ಚಡಪಡಿಸತೊಡಗಿತು. ಹರಪನಹಳ್ಳಿಯ ಕೊನೆ ಬಸ್ಸು ಹೊರಡುವ ಹೊತ್ತಿಗೆ ಹೂವಿನವರೆಲ್ಲ ರೇಟು ಇಳಿಸಿ, ಒಂದು ಮೊಳದ ದುಡ್ಡಿಗೆ ಎರಡು ಮೊಳ ಹಾಕಿ ಪುಟ್ಟಿ ಖಾಲಿ ಮಾಡುತ್ತಾರೆ. ಉಳಿಸಿಕೊಂಡ ಹೂವು ಮರುದಿನ ತಿಪ್ಪೆಗೆ. ಬುದ್ಧಿ ಬಂದಾಗಿನಿಂದ ಆಕೆ ಮಾಲು ಉಳಿಸಿಕೊಂಡು ಮನೆಗೆ ಹೋದವಳಲ್ಲ.

“ಬಸಣ್ಣಾ, ಈ ಅಂಗೀನ ಇವತ್ತ ಮಾರದಿದ್ರ ನಾಳಿಗೆ ಬಾಡತೈತೇನಪ್ಪ?”

ಗುರುಬಸವರಾಜ ತಲೆ ಎತ್ತಿದ. ಇಲ್ಲಕ್ಕ, ಅದು ನೂರು ವರ್ಷ ಇಟ್ಟರೂ ಹಾಗೇ ಇರುತ್ತದೆ ಎಂದರೆ ಮುಗಿಯುತ್ತಿತ್ತು. ಬಾಯಿಗೆ ಬಂದದ್ದೂ ಅದೇ. ಆದರೆ ಗೋಣಿಚೀಲದ ಮಾತು ಇನ್ನೂ ಒಳಗೆ ಕುಟುಕುತ್ತಿತ್ತು.

“ಒಂದ ನಮೂನಿ ಬಾಡತೈತಿ ಅಂತನ ತಿಳಕೋ ಅಕ್ಕ. ನಾಳಿಗೆ ಯಾರು ಕೇಳ್ತಾರ?”

“ಹಂಗಾದ್ರ ನನ್ನ ಮಗಗ ತಿಳೀವಲ್ದು. ಅವಂದು ಬರೇ ಹಠ.”

ಗುರುಬಸವರಾಜ ತನ್ನ ಪರದೆಯತ್ತ ತಿರುಗಿ ಕಲ್ಲುಗುಂಡುವಿನ ಹೆಸರಿನಲ್ಲಿ ಸಾವಿರದ ಇನ್ನೂರು ಎಂದು ಬರೆದು ಕಳಿಸಿದ. ಕೊಟ್ರಮ್ಮ ಅಂಕಿ ನೋಡಿದಳು, ಕಿಟಕಿಯಾಚೆ ಹಾರ್ನ್ ಹಾಕುತ್ತಿದ್ದ ಹರಪನಹಳ್ಳಿ ಬಸ್ಸನ್ನು ನೋಡಿದಳು, ಹಸಿರು ಗುಂಡಿ ಒತ್ತಿಬಿಟ್ಟಳು. “ಒಂದೂ ಉಳಸಲಿಲ್ಲ ನೋಡು” ಎಂದು ಕೈ ಕೊಡವಿಕೊಂಡು ಎದ್ದಳು. ನವಿಲಂಗಿ ಕಲ್ಲುಗುಂಡುವಿನ ಮೈಮೇಲೆ ಬಂದು ಕೂತಿತು. ಅದನ್ನು ನೋಡಿ ಸಂತೋಷಪಡಬೇಕೆಂದು ಗುರುಬಸವರಾಜ ಪ್ರಯತ್ನಪಟ್ಟ. ಆಗಲಿಲ್ಲ. ಅಂಗಡಿಯನ್ನು ಬೇಗನೆ ಮುಚ್ಚಿದ.

ಮರುದಿನ ಗಂಗಾಧರ ಬಂದು ನೋಡಿದ. ಕೆಳಗೆ ಇಳಿದು ಹೋಗಿ ತಾಯಿಯನ್ನು ಕೈಹಿಡಿದು ಮೇಲಕ್ಕೆ ಕರೆತಂದು, ತುಂಬಿದ ಕೋಣೆಯಲ್ಲಿ ನಿಲ್ಲಿಸಿಕೊಂಡು ಕೂಗಾಡಿದ.

“ಹೂವಲ್ಲ ಅದು! ಬಾಡೂದಿಲ್ಲ, ಕೊಳಿಯೂದಿಲ್ಲ! ಯಾರು ಹೇಳಿದ್ರು ನಿನಗ ಮಾರು ಅಂತ?”

ಕೊಟ್ರಮ್ಮ ಒಮ್ಮೆ ಕೌಂಟರಿನತ್ತ ನೋಡಿದಳು. ಈಗ ಹೇಳುತ್ತಾಳೆ, ಹೇಳಲಿ, ಹೇಳಿಬಿಟ್ಟರೆ ಒಳ್ಳೆಯದು ಎಂದು ಗುರುಬಸವರಾಜ ಕಾದ.

“ಯಾರೂ ಹೇಳಲಿಲ್ಲೋ. ನಾನ ಒತ್ತಿದೆ. ನನಗ ತಿಳೀಲಿಲ್ಲ” ಎಂದಳು ಆಕೆ.

“ನಿನ್ನ ನಂಬಿದ್ದು ನಂದ ತಪ್ಪು” ಎಂದು ಗಂಗಾಧರ ಹೊರಟುಹೋದ. ಅಂದಿನಿಂದ ಊಟಕ್ಕೆ ಕರೆದರೂ ಅವನು ಓಗೊಡುತ್ತಿಲ್ಲವೆಂದು, ಹೋಟೆಲಿನಲ್ಲಿ ಉಣ್ಣುತ್ತಾನೆಂದು ಗುರುಬಸವರಾಜನಿಗೆ ಸುದ್ದಿ ಬಂತು. ಬಸ್ ನಿಲ್ದಾಣದಲ್ಲಿ ಕೊಟ್ರಮ್ಮ ಹೂವಿನ ಮುಂದೆ ತಲೆ ತಗ್ಗಿಸಿ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಅವನು ಕಿಟಕಿಗೆ ಒಂದು ಪರದೆ ಕಟ್ಟಿಸಿದ. ನಾಚಿಕೆಗೇಡಿ, ಮಾಡಬೇಕಾದದ್ದು ಅದೇ ಏನು?

ವಾರ ಕಳೆದ ಮೇಲೆ, ಜನ ಕಡಿಮೆ ಇದ್ದ ಮಧ್ಯಾಹ್ನ ಕೊಟ್ರಮ್ಮ ಮೇಲೆ ಹತ್ತಿ ಬಂದಳು.

“ಬಸಣ್ಣಾ, ಆ ಅಂಗಿ ತಗೊಂಡಾವ ಯಾರು ಅಂತ ಗೊತ್ತಾಗತೈತೇನು?”

“ಹೆಸರು... ಕಲ್ಲುಗುಂಡು ಅಂತ ಐತಿ ಅಕ್ಕ.”

“ಹಂಗಾದ್ರ ನಮ್ಮ ಕಡೇದಾವನ ಇರಬೇಕು. ಅವಗೊಂದು ಮಾತು ಬರದು ಕಳಸು. ನಮ್ಮ ಪೈಕಿ ಹಂಗ ಐತಿ. ಮದುವಿ ಮನಿಗೆ ಅಂತ ಇಟ್ಟ ಹೂವಿನ ದಂಡಿ ತಪ್ಪಿ ಮಾರಿದ್ರ, ತಗೊಂಡಾವರ ಮನಿಗೆ ಹೋಗಿ ಕೇಳ್ತೀವಿ. ಇಲ್ಲ ಅಂದಾವರನ್ನ ನಾ ಕಂಡಿಲ್ಲ.” ಆಮೇಲೆ ದನಿ ತಗ್ಗಿಸಿದಳು. “ನೀ ಹೇಳಿದ್ದು ನನ್ನ ಮಗಗ ನಾ ಹೇಳಿಲ್ಲ. ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಸುಮ್ಮನ ನಿನಗ್ಯಾಕ ಬೈಸಲಿ?”

ಗಂಗಾಧರನ ಪಾಸ್‌ವರ್ಡ್ ಅವರಿಬ್ಬರಿಗೂ ಗೊತ್ತಿರಲಿಲ್ಲವಾದ್ದರಿಂದ ಗುರುಬಸವರಾಜ ಆಕೆಯ ಹೆಸರಿನಲ್ಲೇ ಹೊಸದೊಂದು ಪಾತ್ರ ಮಾಡಿಕೊಟ್ಟ. ಕೋಟೆಯ ಪೇಟೆಯ ನಡುವೆ ‘ಕೊಟ್ರಮ್ಮ’ ಎಂದು ತಲೆಯ ಮೇಲೆ ಹೆಸರು ಹೊತ್ತು, ಹೊಸಬರಿಗೆ ಕೊಡುವ ತೇಪೆ ಬಟ್ಟೆಯಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಿಜವಾದ ಕೊಟ್ರಮ್ಮ ಪಕ್ಕದಲ್ಲಿ ಕೂತು ಹೇಳುತ್ತ ಹೋದಳು. ಅವನು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತ ಹೋದ.

“ತಮ್ಮಾ ಕಲ್ಲುಗುಂಡು, ನಾನು ಹಡಗಲಿ ಕೊಟ್ರಮ್ಮ. ನೀನು ಮೋಸ ಮಾಡಿಲ್ಲ, ರೊಕ್ಕ ಕೊಟ್ಟ ತಗೊಂಡೀಯ. ನಾನ ತಿಳೀದ ಕೊಟ್ಟೆ. ನನ್ನ ಮಗ ನನ್ನ ಕೂಡ ಮಾತು ಬಿಟ್ಟಾನ. ಅಂಗಿ ವಾಪಸ್ ಕೊಟ್ರ ನಿನ್ನ ಬಂಗಾರ ಅವನ ಕಡಿಂದ ಕೊಡಸ್ತೀನಿ. ನಿನಗೂ ತಾಯಿ ಇರಬೇಕಪ್ಪ.”

‘ನೀನು ಮೋಸ ಮಾಡಿಲ್ಲ’ ಎಂಬಲ್ಲಿ ಗುರುಬಸವರಾಜನ ಬೆರಳು ಮೂರು ಸಲ ತಪ್ಪಿತು. ತನಗೆ ತಾನೇ ಬರೆದುಕೊಳ್ಳುತ್ತಿದ್ದ ಆ ಮಾತನ್ನು ಅವನು ಕಳಿಸಿದ. ಕೊಟ್ರಮ್ಮ ಉತ್ತರಕ್ಕೆಂದು ಪರದೆಯನ್ನೇ ನೋಡುತ್ತ ಕೂತಳು. ರಸೀತಿ ಬರೆಯುವ ಕೆಲಸವಿದೆ ಎಂದು ಸುಳ್ಳು ಹೇಳಿ ಅವನು ಕೌಂಟರಿಗೆ ಬಂದ.

ತುಸು ಹೊತ್ತಿಗೆ ಅವಳ ಪರದೆಯ ಮೇಲೆ, ಪೇಟೆಯ ಜನರ ನಡುವಿನಿಂದ ದಪ್ಪ ಮೀಸೆಯವನೊಬ್ಬ ನಡೆದು ಬಂದು ತೇಪೆ ಬಟ್ಟೆಯವಳ ಎದುರು ನಿಂತ. ಮೈಮೇಲಿನ ನವಿಲಂಗಿ ಕಳಚಿದ. ಅದು ಅವಳ ಕೈಗೆ ಬಂತು. ಬಂಗಾರ ಬೇಡ ಎಂದು ತಲೆ ಅಲ್ಲಾಡಿಸಿ ಹೊರಟೇಹೋದ.

“ಬಸಣ್ಣಾ, ಬಂದ! ಬಂದು ಕೊಟ್ಟ ನೋಡೋ!” ಕೊಟ್ರಮ್ಮ ಎದ್ದು ನಿಂತು ಕಂಪ್ಯೂಟರಿಗೆ ಎರಡೂ ಕೈ ಮುಗಿದಳು. ಕಣ್ಣಲ್ಲಿ ನೀರು ಬಂದಿತ್ತು. ಕೌಂಟರಿನ ಹಿಂದೆ ಕೂತವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕೊಟ್ಟ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ. ಈಗ ಮೊದಲಿಗಿಂತ ಭಾರವಾಯಿತು.

ಮರುದಿನ ಸಂಜೆ ಅವಳು ಮಗನನ್ನು ಕರೆದುಕೊಂಡೇ ಬಂದಳು. ಗಂಗಾಧರ ತನ್ನ ಸೀಟಿನಲ್ಲಿ ಕೂತು, ತೇಪೆ ಬಟ್ಟೆಯ ಕೊಟ್ರಮ್ಮನ ಕೈಯಿಂದ ನವಿಲಂಗಿಯನ್ನು ತನ್ನ ಪಾತ್ರಕ್ಕೆ ದಾಟಿಸಿಕೊಂಡ. ಅವನಿಗೆ ನಂಬಲಿಕ್ಕೇ ಆಗುತ್ತಿರಲಿಲ್ಲ. “ಅವ್ವಾ, ಈ ಆಟದಾಗ ಇಂಥಾದು ಯಾರೂ ಮಾಡೂದಿಲ್ಲ” ಎಂದು ಮತ್ತೆ ಮತ್ತೆ ಹೇಳಿದ. ಅವ್ವ ಎಂಬ ಮಾತು ಅವನ ಬಾಯಲ್ಲಿ ಬಂದಾಗಲೆಲ್ಲ ಕೊಟ್ರಮ್ಮನ ಮುಖ ಅರಳುತ್ತಿತ್ತು. ಕೋಣೆಯ ಹುಡುಗರನ್ನೆಲ್ಲ ಕರೆದು ಬುದ್ಧಿ ಹೇಳತೊಡಗಿದಳು.

“ನೋಡ್ರಿ, ಮನುಷ್ಯಾರು ಅಂದ್ರ ಹಂಗಿರಬೇಕು. ಗುರುತಿಲ್ಲ, ಪರಿಚಯಿಲ್ಲ, ಒಂದ ಮಾತಿಗೆ ಬಂದು ಕೊಟ್ಟ. ಆ ತಾಯಿ ಎಂಥಾ ಮಗನ್ನ ಹಡದಾಳೋ! ಇನ್ನ ಮ್ಯಾಲೆ ದಿನಾ ದೀಪ ಹಚ್ಚುವಾಗ ಅವನ ಹೆಸರು ನೆನಸ್ತೀನಿ.”

ಗುರುಬಸವರಾಜನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತ.

“ಕೊಟ್ರಕ್ಕ, ಆ ಕಲ್ಲುಗುಂಡು ಬ್ಯಾರೆ ಯಾರೂ ಅಲ್ಲ. ನಾನ.”

ಕೊಟ್ರಮ್ಮ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಜೋರಾಗಿ ನಕ್ಕಳು. ಅವನು ನಗದೆ ನಿಂತದ್ದನ್ನು ಕಂಡು ಅವಳ ಮುಖದಲ್ಲಿ ಕನಿಕರ ಮೂಡಿತು.

“ಬ್ಯಾಡ ಬಸಣ್ಣ. ಯಾರೋ ಮಾಡಿದ ಪುಣ್ಯಾನ ನಂದು ಅನಬಾರದಪ್ಪ. ನಿನಗೇನು ಕಡಿಮಿ ಆಗೈತಿ? ನೀನೂ ನನಗ ಪಾತ್ರ ಮಾಡಿಕೊಟ್ಟಿ, ಕುಂತು ಬರದುಕೊಟ್ಟಿ.”

“ಖರೇ ಹೇಳ್ತೀನಿ ಅಕ್ಕ. ಅವತ್ತು ನಾ ಹೇಳಿದ್ದು ಬೇಕಂತಲೇ...”

“ಬಿಡು ಅಂದೆನಲ್ಲ. ಆಗಿ ಹೋತು.”

ಗಂಗಾಧರನ ಕೈ ಮೌಸಿನ ಮೇಲೆ ನಿಂತಿತ್ತು. ಅವನು ಕೌಂಟರನ್ನು ನೋಡಿದ, ಅದರ ಮೇಲೆ ಗೋಡೆಗೆ ಮುಖ ಮಾಡಿದ್ದ ಕಂಪ್ಯೂಟರನ್ನು ನೋಡಿದ, ಆಮೇಲೆ ಗುರುಬಸವರಾಜನ ಕಣ್ಣನ್ನು. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಂದು ಕೊರಳಪಟ್ಟಿ ಹಿಡಿಯುತ್ತಾನೆಂದು ಗುರುಬಸವರಾಜ ಕಾದ. ಎಲ್ಲರ ಮುಂದೆ ಎರಡು ಬಾರಿಸಲಿ ಎಂದು ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು.

ಗಂಗಾಧರ ಎದ್ದು ಬಂದು ತಾಯಿಯ ಭುಜದ ಮೇಲೆ ಕೈಯಿಟ್ಟ. ಕಣ್ಣನ್ನು ಗುರುಬಸವರಾಜನಿಂದ ಕೀಳಲಿಲ್ಲ.

“ಹೌದವ್ವಾ, ಬಸಣ್ಣ ಚಾಷ್ಟಿ ಮಾಡ್ತಾನ. ಕಲ್ಲುಗುಂಡು ಭಾಳ ದೂರದಾಗ ಅದಾನ. ಇಂಥಾ ಕಡಿ ಅಂವ ಯಾಕ ಬರ್ತಾನ? ನಡಿ, ಮನಿಗೆ ಹೋಗೂಣು.”

ಇಬ್ಬರೂ ಬಾಗಿಲವರೆಗೆ ಹೋದರು. ಮೊದಲ ಮೆಟ್ಟಿಲ ಮೇಲೆ ನಿಂತು ಕೊಟ್ರಮ್ಮ ಹಿಂದಿರುಗಿ ನೋಡಿದಳು.

“ಅಂವ ಮತ್ತ ಸಿಕ್ಕರ ನನ್ನ ನೆನಪು ಹೇಳು ಬಸಣ್ಣ” ಎಂದಳು.

ಹೇಳುತ್ತೇನೆ ಎಂದು ಗುರುಬಸವರಾಜ ತಲೆಯಾಡಿಸಿದ.